ಲೇಬಲ್ ಹರಿದ 78 ಪ್ಲೇಟು: ಹಾಡಿದ್ದು ಯಾರು ಅಂತ ಪತ್ತೆ ಮಾಡೋದು ಹೇಗೆ?

ಕೇಳುಗ_ದಾವಣಗೆರೆ
10 ಇಂಚಿನ ಒಂದು ಗ್ರಾಮಫೋನ್ ಪ್ಲೇಟು, ನಿಮಿಷಕ್ಕೆ 78 ಸುತ್ತಿನದು. ಎಚ್‌ಎಂವಿ ಕಂಪನಿಯ ಗುರುತಾದ ನಾಯಿಯ ಬಾಲ, ಕೊಳವೆ ಎರಡೂ ಕಾಣುತ್ತವೆ, ತಲೆ ಹರಿದುಹೋಗಿದೆ. ಲೇಬಲ್ಲಿನ ಇಂಗ್ಲಿಷಿನಲ್ಲಿ ಓದಲು ಸಿಗುವುದು ಇಷ್ಟೇ: “ಮಿಸ್ ಜಿ”, ಅಲ್ಲಿಂದ ಮುಂದೆ ಕಾಗದವೇ ಇಲ್ಲ. ಕೆಳಗೆ “ಕೆನರೀಸ್” (ಅಂದರೆ ಕನ್ನಡ), “ಡ್ರಾಮಾ ಸಾಂಗ್”. ಕ್ಯಾಟಲಾಗ್ ಸಂಖ್ಯೆಯಲ್ಲಿ ಎನ್ ಅಕ್ಷರ ಉಳಿದಿದೆ, ಅಂಕಿ ಇಲ್ಲ. ಹಿಂಬದಿಯ ಲೇಬಲ್ ಪೂರ್ತಿ ಹೋಗಿದೆ. ಎರಡೂ ಬದಿಗೆ ಬಿಳಿ ಬೂಷ್ಟು. ಅಂಚಿನಿಂದ ಒಳಕ್ಕೆ 1 ಸೆಂ.ಮೀ. ಕೂದಲೆಳೆ ಬಿರುಕು.

ಕಲ್ಕತ್ತದ ಗಾಯಕಿ ಗೌಹರ್ ಜಾನ್ ಇರಬಹುದೇ? ಕೊನೆಗಾಲಕ್ಕೆ ಮೈಸೂರಿನಲ್ಲೇ ಇದ್ದರಲ್ಲ. ಇನ್ನೂ ನುಡಿಸಿ ನೋಡಿಲ್ಲ. ಸ್ಪಿರಿಟ್ ಹಾಕಿ ಒರೆಸಿ ನುಡಿಸಿದರೆ ಗೊತ್ತಾಗಬಹುದು ಅನ್ನಿಸುತ್ತಿದೆ.

ಅರಗಿನರಮನೆ
ಸ್ಪಿರಿಟ್ ಬಾಟಲಿ ಮೊದಲು ದೂರ ಇಡಿ. ಪ್ಲೇಟಿನ ಪದಾರ್ಥವನ್ನು ಹಿಡಿದು ನಿಲ್ಲಿಸಿರುವುದೇ ಅರಗು. ಬಡಗಿಗಳು ಪಾಲಿಶ್ ಮಾಡಲು ಅರಗಿನ ಚಕ್ಕೆಯನ್ನು ಯಾವುದರಲ್ಲಿ ಕರಗಿಸುತ್ತಾರೆ? ಸ್ಪಿರಿಟ್ಟಿನಲ್ಲಿ. ಹತ್ತಿಗೆ ಹಚ್ಚಿ ಒಂದು ಸುತ್ತು ಒರೆಸಿದರೆ ಬೂಷ್ಟೂ ಹೋಗುತ್ತದೆ, ಹಾಡೂ ಹೋಗುತ್ತದೆ. ಐಸೊಪ್ರೊಪೈಲ್, ಸ್ಯಾನಿಟೈಸರ್, ಗಾಜು ಒರೆಸುವ ನೀಲಿ ದ್ರವ ಯಾವುದೂ ಬೇಡ. ಎಲ್‌ಪಿಗೆ (ಆಮೇಲಿನ ಕಾಲದ ವಿನೈಲ್ ಪ್ಲೇಟಿಗೆ) ಸಿಗುವ ಎಷ್ಟೋ ಕ್ಲೀನರುಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಹಿಂಬದಿ ಓದದೆ ಮುಟ್ಟಬೇಡಿ.

ಇನ್ನು ಗೌಹರ್ ಜಾನ್. ಲೇಬಲ್ಲಿನಲ್ಲಿ ಜಿ ಕಂಡ ಕೂಡಲೇ ಎಲ್ಲರಿಗೂ ಅವರೇ ನೆನಪಾಗುತ್ತಾರೆ. 1928ರಲ್ಲಿ ಮೈಸೂರು ಆಸ್ಥಾನ ಸೇರಿದರು, 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು, ನಿಜ. ಮೈಸೂರಿನಲ್ಲಿ ಇದ್ದರು ಅನ್ನುವುದರಿಂದ ಕನ್ನಡ ನಾಟಕದ ಹಾಡು ಮುದ್ರಿಸಿದರು ಅಂತ ಆಗುವುದಿಲ್ಲ. ಊಹೆ ಆಮೇಲೆ. ಮೊದಲು ಲೇಬಲ್ಲಿನ ಸುತ್ತ ಗೀರುಗಳಿಲ್ಲದ (ಅಂದರೆ ಹಾಡು ಕೊರೆದ ಗೆರೆಗಳಿಲ್ಲದ) ನುಣುಪು ಪಟ್ಟಿ ಇದೆಯಲ್ಲ, ಅಲ್ಲಿ ಕೊರೆದಿರುವುದನ್ನು ಓದಿ ಹೇಳಿ. ಲೇಬಲ್ ಅಂಗಡಿಯವನ ಬೋರ್ಡು ಇದ್ದ ಹಾಗೆ, ಎಷ್ಟು ಸಲ ಬೇಕಾದರೂ ಬದಲಾಗುತ್ತದೆ. ಹಾಡನ್ನು ಮೊದಲು ಕೊರೆಯುತ್ತಿದ್ದ ಮೇಣದ ತಟ್ಟೆಯಲ್ಲೇ ಕೊರೆದ ಸಂಖ್ಯೆ ಆ ಹಾಡಿನ ಜೊತೆಗೇ ಹುಟ್ಟಿದ್ದು. 1905ರ ಹಾಡನ್ನು ಹತ್ತಿಪ್ಪತ್ತು ವರ್ಷ ಬಿಟ್ಟು ನಾಯಿ ಲೇಬಲ್ ಅಂಟಿಸಿ ಮತ್ತೆ ಒತ್ತಿದರೂ ಒಳಗಿನ ಸಂಖ್ಯೆ ಹಳೆಯದೇ ಇರುತ್ತದೆ.

ಓದುವ ವಿಧಾನ: ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಪ್ಲೇಟಿನ ಮಟ್ಟಕ್ಕೇ ಇಳಿಸಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗಬೇಕು. ಪ್ಲೇಟನ್ನು ನಿಧಾನ ತಿರುಗಿಸುತ್ತಾ 12 ಫೋಟೋ, ಗಡಿಯಾರದ ಒಂದೊಂದು ಗಂಟೆಗೆ ಒಂದರಂತೆ. ಫ್ಲ್ಯಾಶ್ ಹಾಕಬೇಡಿ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಆಗಲೂ ಕಾಣದಿದ್ದರೆ ತೆಳು ಟ್ರೇಸಿಂಗ್ ಕಾಗದ ಇಟ್ಟು 6ಬಿ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜಿ. ನುಣುಪು ಪಟ್ಟಿಯ ಮೇಲೆ ಮಾತ್ರ, ಗೀರುಗಳ ಮೇಲೆ ಬೇಡ. ಹಳೇ ಒತ್ತುಗಳಲ್ಲಿ ಸಂಖ್ಯೆ ಲೇಬಲ್ಲಿನ ಅಡಿಗೇ ಇರುವುದುಂಟು, ಕಾಗದದ ಮೇಲೆ ಉಬ್ಬಾಗಿ ಕಾಣುತ್ತದೆ. ನಿಮ್ಮ ಹಿಂಬದಿಯ ಲೇಬಲ್ ಕಿತ್ತುಹೋಗಿರುವುದು ಆ ಮಟ್ಟಿಗೆ ಅನುಕೂಲ.

ಮುಖ್ಯವಾಗಿ ಸಂಖ್ಯೆಯ ಪಕ್ಕದಲ್ಲಿ ಸಣ್ಣ ತ್ರಿಕೋನ ಇದೆಯೋ, ಚೌಕ ಇದೆಯೋ, ಏನೂ ಇಲ್ಲವೋ ನೋಡಿ.

ಸೋಪುನೀರು
ಓದುವ ಮೊದಲೇ ಬೂಷ್ಟು ಹೋಗಬೇಕು, ಇಲ್ಲದಿದ್ದರೆ ಏನೂ ಕಾಣದು. ಕ್ರಮ ಹೀಗೆ.

ಒಣ ಕೆಲಸ ಮೊದಲು, ಮನೆ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು. ಮೆತ್ತನೆ ಆಡಿನ ಕೂದಲ ಬ್ರಷ್ಷಿನಿಂದ ಗೀರಿನ ದಿಕ್ಕಿನಲ್ಲೇ ಗುಡಿಸಿ. ಅಡ್ಡಡ್ಡ ಉಜ್ಜಿದರೆ ಬೂಷ್ಟಿನ ಜೊತೆ ಇರುವ ಮರಳಿನ ಕಣ ಗೀರಿನ ಗೋಡೆ ಕೆರೆಯುತ್ತದೆ. ಹಳೇ ಕಾಗದದ ಕವರನ್ನು ಬಿಸಾಡಿ. ಬೂಷ್ಟಿಗೆ ಊಟ ಅರಗಿಗಿಂತ ಹೆಚ್ಚಾಗಿ ಆ ಕಾಗದ ಮತ್ತು ಲೇಬಲ್ಲಿನ ಗೋಂದು. ಆದರೆ ಕವರಿನ ಮೇಲೆ ಅಂಗಡಿಯ ಮುದ್ರೆ ಇದ್ದರೆ ಫೋಟೋ ತೆಗೆದು ಬಿಸಾಡಿ. ಪ್ಲೇಟು ಯಾವ ಊರಿನಲ್ಲಿ ಮಾರಾಟವಾಯಿತು ಅನ್ನುವುದೂ ಒಂದು ಸುಳಿವು.

ಆಮೇಲೆ ದ್ರವ. ಡಿಸ್ಟಿಲ್ಡ್ ನೀರು 1 ಲೀಟರ್, ಅದಕ್ಕೆ ಅಯಾನಿಕ್ ಅಲ್ಲದ ಮಾರ್ಜಕ 2 ರಿಂದ 3 ಮಿ.ಲೀ. ಫೋಟೋ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್ ಇದ್ದರೂ ಆದೀತು. ಪಾತ್ರೆ ತೊಳೆಯುವ ಸೋಪು ಬೇಡ, ಅದರ ಬಣ್ಣ, ವಾಸನೆ, ಕೈ ಮೃದು ಮಾಡುವ ಪದಾರ್ಥ ಎಲ್ಲ ಗೀರಿನಲ್ಲಿ ಉಳಿಯುತ್ತವೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಒಣಗಿದ ಮೇಲೆ ಸುಣ್ಣ ಉಳಿದು ಹೊಸ ಚಿಟಪಟ ಶುರುವಾಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ಸಾಕು, ಆದರೆ ಕೊಡುವವನು ಆ್ಯಸಿಡ್ ಕ್ಯಾನ್ ಎತ್ತಿಕೊಡಲಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಲೇಬಲ್ ಒದ್ದೆಯಾಗಬಾರದು. ಲೇಬಲ್ಲಿಗಿಂತ ಸ್ವಲ್ಪ ದೊಡ್ಡ ಸಿಲಿಕಾನ್ ಬಿಲ್ಲೆ ಅಥವಾ ಮೆತ್ತನೆ ರಬ್ಬರ್ ಮುಚ್ಚಳ ಎರಡೂ ಕಡೆ ಒತ್ತಿ ಹಿಡಿಯಿರಿ. ದ್ರವ ಸುರಿಯಬೇಡಿ, ಬ್ರಷ್ಷಿಗೆ ಹಚ್ಚಿಕೊಂಡು ಬದಿಗೆ ಅರ್ಧ ನಿಮಿಷ ಸುತ್ತಿ. ಎರಡು ಸಲ ಬರೀ ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ನೆಟ್ಟಗೆ ನಿಲ್ಲಿಸಿ ಒಂದು ದಿನ ಒಣಗಲಿ. ಫ್ಯಾನ್ ಸರಿ, ಬಿಸಿಲು ಬೇಡ.

ಬಿರುಕು ಇರುವುದರಿಂದ ನೆನೆಹಾಕುವ ಮಾತೇ ಇಲ್ಲ. ಅರಗು ನೀರಿಗೆ ಕರಗದು, ಆದರೆ ಒಳಗೆ ಕಲ್ಲಿನ ಪುಡಿಯ ಜೊತೆ ಹತ್ತಿಯ ನಾರೂ ಸೇರಿರುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಅದು ಉಬ್ಬುತ್ತದೆ. ಕೊಲಂಬಿಯಾದ ಪದರದ ಪ್ಲೇಟುಗಳಲ್ಲಿ ನಡುವೆ ಕಾಗದ ಇರುವುದರಿಂದ ಇದು ಇನ್ನೂ ಕೆಟ್ಟದು.

ಅರಗಿನರಮನೆ
ಒಂದು ಸೇರಿಸುತ್ತೇನೆ. ಮೊದಲು ಅದು ಅರಗಿನ ಪ್ಲೇಟೇ ಅಂತ ಖಾತ್ರಿ ಇರಲಿ. ಉಗುರಿನಿಂದ ಅಂಚು ತಟ್ಟಿದರೆ ಮಡಕೆ ಚೂರಿನ ಹಾಗೆ ಟಣ್ ಅನ್ನಬೇಕು. ಅಂಚಿನಲ್ಲಿ ಅಲ್ಯೂಮಿನಿಯಂ ಹೊಳೆಯುತ್ತಿದ್ದರೆ ಅದು ಲ್ಯಾಕರ್ ತಟ್ಟೆ, ರೇಡಿಯೋ ಕೇಂದ್ರಗಳಲ್ಲಿ ನೇರವಾಗಿ ಕೊರೆಯುತ್ತಿದ್ದಂಥದು. ಅದರ ಮೇಲಿನ ಬಿಳಿ ಜಿಡ್ಡು ಬೂಷ್ಟಲ್ಲ, ಲ್ಯಾಕರಿನ ಒಳಗಿನ ಹರಳೆಣ್ಣೆ ಕೆಟ್ಟು ಹೊರಬಂದ ಆಮ್ಲ. ಅದಕ್ಕೆ ಮನೆವೈದ್ಯ ಮಾಡಬೇಡಿ. ಮೇಲಿನ ಪದರ ಸಿಪ್ಪೆಯ ಹಾಗೆ ಎದ್ದು ಬಂದರೆ ಪ್ರಪಂಚದಲ್ಲಿದ್ದ ಒಂದೇ ಪ್ರತಿ ಹೋದಂತೆ.

ಕೇಳುಗ_ದಾವಣಗೆರೆ
ತಟ್ಟಿದರೆ ಟಣ್ ಅನ್ನುತ್ತದೆ, ಅರಗೇ. ತೊಳೆದಾಯಿತು. ಲೇಬಲ್ ಇರುವ ಬದಿಯಲ್ಲಿ ಸಂಖ್ಯೆಗೆ ಮುಂಚೆ ಸೊನ್ನೆ, ಆಮೇಲೆ ಅಕ್ಷರಗಳು, ನಾಲ್ಕು ಅಂಕಿ. ಕೊನೆಯ ಅಂಕಿ 7. ಪಕ್ಕದಲ್ಲಿ ಪುಟ್ಟ ಚೌಕ ಸ್ಪಷ್ಟವಾಗಿದೆ. ಹಿಂಬದಿಯಲ್ಲೂ ಅದೇ ಸರಣಿ, ಕೊನೆಯ ಅಂಕಿ 8, ಅಲ್ಲೂ ಚೌಕ.

ಅರಗಿನರಮನೆ
ಹಾಗಾದರೆ ಗೌಹರ್ ಜಾನ್ ಪ್ರಕರಣ ಮುಗಿಯಿತು.

ಎಚ್‌ಎಂವಿ ಕೊರೆತದಲ್ಲಿ ತ್ರಿಕೋನ ಇದ್ದರೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಮುದ್ರಣ ಪದ್ಧತಿ, 1925ರಿಂದ ಈಚಿನದು. ಚೌಕ ಇದ್ದರೆ ಎಂಜಿನಿಯರ್ ಬ್ಲೂಮ್ಲೈನ್ ರೂಪಿಸಿದ ಪದ್ಧತಿ, 1931ಕ್ಕಿಂತ ಹಿಂದಿನದು ಆಗಲಾರದು. 1930ರ ಜನವರಿಯಲ್ಲಿ ತೀರಿಕೊಂಡವರು ಚೌಕದ ಪ್ಲೇಟಿನಲ್ಲಿ ಹಾಡಲು ಸಾಧ್ಯವಿಲ್ಲ. ಮುಂದಿನ ಸೊನ್ನೆ ಅಂದರೆ 10 ಇಂಚು, 12 ಇಂಚಿಗೆ 2 ಹಾಕುತ್ತಿದ್ದರು. ಕೊಲಂಬಿಯಾ ಆಗಿದ್ದರೆ ಚೌಕದ ಬದಲು ವೃತ್ತದೊಳಗೆ ಸಿ, ಅದಕ್ಕೂ ಹಿಂದಿನದಾದರೆ ವೃತ್ತದೊಳಗೆ ಡಬ್ಲ್ಯು. ಏನೂ ಗುರುತಿಲ್ಲದೆ, ದನಿ ಕೊಳವೆಯೊಳಗಿಂದ ಬಂದಂತಿದ್ದು, ತಾಳವಾದ್ಯ ದೂರದಲ್ಲೆಲ್ಲೋ ಟಕ್ ಟಕ್ ಅಂದರೆ ಕೊಳವೆಗೆ ಬಾಯಿಟ್ಟು ಹಾಡಿದ ಕಾಲದ್ದು.

7 ಮತ್ತು 8 ಒಂದರ ಹಿಂದೊಂದು ಬಂದಿರುವುದು ಒಳ್ಳೆಯ ಸುದ್ದಿ. ಎರಡೂ ಬದಿ ಒಂದೇ ಕೂತಲ್ಲಿ ಮುದ್ರಣವಾಗಿವೆ, ಬಹುಮಟ್ಟಿಗೆ ಒಬ್ಬರದೇ ದನಿ. ಈಗ ಹುಡುಕಬೇಕಾದದ್ದು ಈ ಸಂಖ್ಯೆಯ ಅಕ್ಕಪಕ್ಕದವರನ್ನು. 5, 6, 9, 10 ಇರುವ ಪ್ಲೇಟು ಯಾರ ಬಳಿಯಾದರೂ ಲೇಬಲ್ ಸಮೇತ ಇದ್ದರೆ ಅದೇ ಗಾಯಕಿಯ ಹೆಸರು ಸಿಗುವ ಸಾಧ್ಯತೆ ಚೆನ್ನಾಗಿದೆ. ಕಂಪನಿಯವರು ಒಂದು ಊರಿಗೆ ಬಂದು ಒಬ್ಬ ಕಲಾವಿದರನ್ನು ಕೂರಿಸಿಕೊಂಡರೆ ನಾಲ್ಕಾರು ಬದಿ ತೆಗೆದೇ ಏಳುತ್ತಿದ್ದದ್ದು.

ರಂಗಗೀತೆ_ರಸಿಕ
ಹಾಗಾದರೆ ಗಾಂಧಾರಿ! ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ಪ್ಲೇಟುಗಳು ಗಾಂಧಾರಿ ಅನ್ನುವ ಹೆಸರಿನಲ್ಲೇ ಬಂದವು, 1930ರ ದಶಕದ ಮೊದಲಲ್ಲಿ. ಕಾಲ ಹೊಂದುತ್ತದೆ, ಜಿ ಹೊಂದುತ್ತದೆ, ಕನ್ನಡವೂ ಹೊಂದುತ್ತದೆ.

ಅರಗಿನರಮನೆ
ಹೊಂದುತ್ತದೆ ಅನ್ನುವುದು ಬೇರೆ, ಅವರೇ ಅನ್ನುವುದು ಬೇರೆ. ಇದೇ ಕಾರಣಕ್ಕೆ ಅಂತರ್ಜಾಲದಲ್ಲಿ ಹತ್ತಾರು ಅನಾಮಿಕ ಹೆಣ್ಣುಮಕ್ಕಳ ಹಾಡು ನಾಲ್ಕು ಪ್ರಸಿದ್ಧರ ಹೆಸರಿನಲ್ಲಿ ಓಡಾಡುತ್ತಿರುವುದು. ಜಿ ಅಂದರೆ ಗೌಹರ್‌ಬಾಯಿ ಕರ್ನಾಟಕಿಯೂ ಆಗಬಹುದು, ಬೀಳಗಿಯ ಅಮೀರ್‌ಬಾಯಿಯ ಅಕ್ಕ, ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಇದ್ದವರು. ಕಲ್ಕತ್ತದ ಗೌಹರ್, ಕರ್ನಾಟಕದ ಗೌಹರ್ ಇಬ್ಬರನ್ನೂ ಒಂದೇ ಮಾಡಿದ ಪಟ್ಟಿಗಳು ಎಷ್ಟು ಬೇಕಾದರೂ ಇವೆ. ಗಂಗೂಬಾಯಿ, ಗೌಹರ್‌ಬಾಯಿ ಇಬ್ಬರನ್ನೂ ಬಿಟ್ಟು ಯಾವುದೋ ಕಂಪನಿಯ ಗಿರಿಜೆ, ಗುಲಾಬ್, ಗೋದಾವರಿ ಇರಬಹುದು. ಆ ಮೂರನೆಯವಳನ್ನು ಹುಡುಕುವುದೇ ಈ ಕೆಲಸದ ರುಚಿ, ಪ್ರಸಿದ್ಧರಿಗೆ ಹೊಸ ಪ್ಲೇಟು ಸೇರಿಸುವುದಲ್ಲ.

ಗಂಗೂಬಾಯಿಯವರ ವಿಷಯದಲ್ಲಿ ಇನ್ನೊಂದು ತೊಡಕು. ನಾವೆಲ್ಲ ಕೇಳಿ ಬೆಳೆದದ್ದು ಗಂಟಲಿನ ಚಿಕಿತ್ಸೆಯ ನಂತರದ ಗಡಸು, ಗಂಭೀರ ದನಿ. ಮೊದಲ ಪ್ಲೇಟುಗಳ ದನಿ ತೆಳು, ಎತ್ತರದ್ದು. ಆಕಾಶವಾಣಿಯ ಧ್ವನಿಮುದ್ರಣದ ಪಕ್ಕ ಇಟ್ಟು ಹೋಲಿಸಿದರೆ ಅವರದೇ ಪ್ಲೇಟನ್ನೂ ಅವರದಲ್ಲ ಅಂದುಬಿಡುತ್ತೀರಿ, ಯಾವುದೋ ತೆಳುದನಿಯ ಹುಡುಗಿಯನ್ನು ಅವರೆಂದೂ ಅಂದುಬಿಡುತ್ತೀರಿ. ಹೋಲಿಸಬೇಕಾದದ್ದು ಲೇಬಲ್ಲಿನಲ್ಲಿ ಗಾಂಧಾರಿ ಅಂತಲೇ ಇರುವ, ಅದೇ ಕಾಲದ ಪ್ಲೇಟಿನ ಜೊತೆ ಮಾತ್ರ. ಅದೂ ಎರಡರ ವೇಗ ಸರಿಪಡಿಸಿದ ಮೇಲೆ.

ಹೆಸರಿನ ಜೊತೆಗಿನ ಊರನ್ನೂ ಕಣ್ಣುಮುಚ್ಚಿ ನಂಬಬೇಡಿ. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು ನಂಜನಗೂಡಿನಲ್ಲಿ. ಲೇಬಲ್ಲಿನ ಊರು ಹೆಸರು ಮಾಡಿದ ಊರು, ಒಮ್ಮೊಮ್ಮೆ ಅದೇ ಹೆಸರಿನ ಇನ್ನೊಬ್ಬರಿಂದ ಬೇರೆ ಮಾಡಲು ಕಂಪನಿ ಅಂಟಿಸಿದ ಊರು.

ಮೂರುಮಿಲ್
ದನಿ ಹೋಲಿಸುವ ಮಾತು ಬಂದಿದ್ದರಿಂದ ನುಡಿಸುವ ಬಗ್ಗೆ ಹೇಳಿಬಿಡುತ್ತೇನೆ. ಕೀಲಿ ಕೊಡುವ ಗ್ರಾಮಫೋನಿನಲ್ಲಿ ಇದನ್ನು ಹಾಕಬೇಡಿ. ಅದರ ಸೌಂಡ್‌ಬಾಕ್ಸು ನೂರು ಗ್ರಾಮಿಗೂ ಮೇಲೆ ಭಾರ ಹಾಕುತ್ತದೆ, ಬಿರುಕಿನ ಜಾಗಕ್ಕೆ ಒಂದೊಂದು ಸುತ್ತಿಗೂ ಪೆಟ್ಟು. ಎಲ್‌ಪಿ ಮುಳ್ಳಿನಿಂದಲೂ ಬೇಡ. ಎಲ್‌ಪಿ ಮುಳ್ಳಿನ ತುದಿ 0.7 ಮಿಲ್ (ಇಂಚಿನ ಸಾವಿರದಲ್ಲಿ ಒಂದು ಭಾಗ ಒಂದು ಮಿಲ್), ಅಂದರೆ ಸುಮಾರು 18 ಮೈಕ್ರಾನ್. ಇಲ್ಲಿನ ಗೀರಿಗೆ ಬೇಕಾದದ್ದು 3 ಮಿಲ್, 76 ಮೈಕ್ರಾನ್. ಚಿಕ್ಕ ಮುಳ್ಳು ಗೀರಿನ ತಳಕ್ಕೆ ಬಿದ್ದು ಕಸದಲ್ಲಿ ಉರುಳಾಡುತ್ತದೆ. ಕೇಳಿಸುವುದು ಹಾಡಲ್ಲ, ಸಾಣೆಕಲ್ಲು.

ಕಾರ್ಟ್ರಿಜ್ (ಮುಳ್ಳು ಕೂರುವ ತಲೆ) ಹೊಸದಾಗಿ ಸುಲಭಕ್ಕೆ ಸಿಗುವುದು ಆಡಿಯೋ ಟೆಕ್ನಿಕಾದ ವಿಎಂ95ಎಸ್‌ಪಿ. ತುದಿ 3 ಮಿಲ್, ಭಾರ 5 ಗ್ರಾಂ. ಆರ್ಟೊಫಾನ್ 2ಎಂ 78 ಕೂಡ ಆದೀತು. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು, ಹಳೇ ಎಂ78ಎಸ್ ಅಂತ ಮಾರುವವರ ಬಳಿ ಮುಳ್ಳು ಅಸಲಿಯೋ ಬೇರೆಯವರದ್ದೋ ಕೇಳಿ. ಉಕ್ಕಿನ ಮುಳ್ಳು ಸವೆಸಿದ ಪ್ಲೇಟಿನ ಗೀರು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅಂಥದಕ್ಕೆ 2.3ರಿಂದ 2.5 ಮಿಲ್ ಹಾಕಿದರೆ ಸವೆದ ಪಟ್ಟಿಯ ಕೆಳಗೆ ಕೂರುತ್ತದೆ, 3.5 ಹಾಕಿದರೆ ಮೇಲೆ. ಎರಡರಲ್ಲೂ 20 ಸೆಕೆಂಡು ನುಡಿಸಿ ಕೇಳಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಬಿರುಕಿಗೆ ಗೋಂದು ಹಾಕಬೇಡಿ. ಎರಡು ಬದಿ ಕೂದಲಷ್ಟು ಮಟ್ಟ ತಪ್ಪಿ ಅಂಟಿಕೊಂಡರೆ ಅದು ಶಾಶ್ವತ. ಬಿರುಕು ದಾಟಿದ ಜಾಗದಿಂದ ಮುಳ್ಳು ಇಳಿಸಿ ಹಾಡಿನ ಬಹುಭಾಗವನ್ನು ಮೊದಲು ಉಳಿಸಿಕೊಳ್ಳಿ. ಅದು ಕೈಯಲ್ಲಿ ಸಿಕ್ಕ ಮೇಲೆ ಅಂಚಿನಿಂದ ಶುರು ಮಾಡಿ, 78ರಲ್ಲಿ ಅಲ್ಲ, 45ರಲ್ಲಿ. ಮುಳ್ಳು ಬಿರುಕನ್ನು ಹಾರುವ ಬದಲು ಹತ್ತಿ ಇಳಿಯುತ್ತದೆ. 3 ನಿಮಿಷ 15 ಸೆಕೆಂಡಿನ ಬದಿ 5 ನಿಮಿಷ 38 ಸೆಕೆಂಡು ಓಡುತ್ತದೆ.

ದಾಖಲಿಸುವುದು 96 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲೇ. ಎಡ ಬಲ ಎರಡೂ ಗೋಡೆ ಬೇರೆಬೇರೆ ಬರಲಿ. ಯಾವ ಗೋಡೆ ಕಡಿಮೆ ಸವೆದಿದೆಯೋ ಅದನ್ನೇ ಬಳಸುವ ಸ್ವಾತಂತ್ರ್ಯ ಉಳಿಯುತ್ತದೆ. ಎರಡೂ ಚೆನ್ನಾಗಿದ್ದರೆ ಕೂಡಿಸಿ ಮೋನೋ ಮಾಡಿ, ಮೇಲೆ ಕೆಳಗೆ ಕುಣಿಯುವ ಗದ್ದಲ ಅಲ್ಲೇ ಅರ್ಧ ಸಾಯುತ್ತದೆ. ಮೂಲ ಕಡತಕ್ಕೆ ಶಬ್ದ ಕಡಿತ, ನಾರ್ಮಲೈಸ್ ಏನೂ ಮಾಡದೆ ಹಾಗೇ ಇಡಿ. ಒಪ್ಪ ಮಾಡುವುದೆಲ್ಲ ಪ್ರತಿಯ ಮೇಲೆ.

ಮನೆಯ ಫೋನೋ ಆಂಪ್ಲಿಫೈಯರಿನಲ್ಲಿ ಎಲ್‌ಪಿಗೆ ಬೇಕಾದ ಆರ್‌ಐಎಎ ತಿದ್ದುಪಡಿ (ಮಂದ್ರ ಏರಿಸಿ, ಮೇಲಿನದನ್ನು ಇಳಿಸುವ ಹೊಂದಾಣಿಕೆ) ಕೂತಿರುತ್ತದೆ. ಅದು 78ಕ್ಕೆ ಸಲ್ಲ, ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಚೌಕದ ಎಚ್‌ಎಂವಿಗೆ 250 ಹರ್ಟ್ಸ್ ಕೆಳಗೆ ಮಂದ್ರ ಏರಿಸಿದರೆ ಸಾಕು, ಮೇಲಿನದನ್ನು ಇಳಿಸಬಾರದು. ಆರ್‌ಐಎಎ ಮೂಲಕ ಬಂದ ದಾಖಲೆಯನ್ನು ಹಾಗೆ ಮಾಡಲು ಆಡಾಸಿಟಿ ತಂತ್ರಾಂಶದ ಫಿಲ್ಟರ್ ಕರ್ವ್‌ನಲ್ಲಿ ಈ ಬಿಂದುಗಳನ್ನು ಇಡಿ: 50 ಹರ್ಟ್ಸ್‌ಗೆ −3 ಡಿಬಿ, 100ಕ್ಕೆ −5, 250ಕ್ಕೆ −4, 500ಕ್ಕೆ −2, 1,000ಕ್ಕೆ 0, 2,000ಕ್ಕೆ +2.6, 5,000ಕ್ಕೆ +8.2, 10,000ಕ್ಕೆ +13.7. ಮೇಲೆ ಇಷ್ಟು ಏರಿಸಿದಾಗ ಸುಯ್ ಶಬ್ದ ಕಿವಿಗೆ ಹೊಡೆಯುತ್ತದೆ, ಹೆದರಬೇಡಿ. ಸ, ಶ, ಚ ಸ್ಪಷ್ಟವಾಗುವುದು ಅಲ್ಲೇ. ಹೆಸರು ಪತ್ತೆಗೆ ಸಾಹಿತ್ಯ ಬೇಕಲ್ಲ.

ಎಡಿಸನ್_ಕನ್ನಡಿಗ
ಮೂರುಮಿಲ್ ಅವರೇ, ಒಂದು ತಿದ್ದುಪಡಿ. ನಿಮ್ಮ ಆ ಪಟ್ಟಿ 78ರ ವೇಗದಲ್ಲೇ ನುಡಿಸಿ ದಾಖಲಿಸಿದರೆ ಸರಿ. ನೀವೇ ಮೇಲೆ 45ರಲ್ಲಿ ನುಡಿಸಿ ಅಂದಿದ್ದೀರಿ. ಆಗ ಆರ್‌ಐಎಎ ಕೆಲಸ ಮಾಡಿರುವುದು ನಿಧಾನಗೊಂಡ ದನಿಯ ಮೇಲೆ. ವೇಗ ಏರಿಸಿದರೆ ಆ ತಿದ್ದುಪಡಿಯ ಬಿಂದುಗಳೆಲ್ಲ 1.73 ಪಟ್ಟು ಮೇಲೆ ಸರಿಯುತ್ತವೆ, ಪಟ್ಟಿ ತಪ್ಪಾಗುತ್ತದೆ.

ಮೂರುಮಿಲ್
ಸರಿಯಾದ ಮಾತು, ಒಪ್ಪಿದೆ. 45ರಲ್ಲಿ ನುಡಿಸಿದರೆ ಕ್ರಮ ಹೀಗಿರಬೇಕು. ಮೊದಲು ಆರ್‌ಐಎಎಯನ್ನು ಪೂರ್ತಿ ತಿರುವು ಹಾಕಿ: 100 ಹರ್ಟ್ಸ್‌ಗೆ −13.1, 250ಕ್ಕೆ −6.7, 500ಕ್ಕೆ −2.6, 1,000ಕ್ಕೆ 0, 2,000ಕ್ಕೆ +2.6, 5,000ಕ್ಕೆ +8.2, 10,000ಕ್ಕೆ +13.7. ಆಮೇಲೆ ವೇಗ ಬದಲಿಸಿ. ಕೊನೆಗೆ 250 ಹರ್ಟ್ಸ್ ಕೆಳಗಿನ ಮಂದ್ರ ಏರಿಕೆ, 100 ಹರ್ಟ್ಸ್‌ನಲ್ಲಿ ಸುಮಾರು 8 ಡಿಬಿ. ಕೊಳವೆ ಕಾಲದ ಪ್ಲೇಟಾದರೆ ಈ ಕೊನೆಯ ಹೆಜ್ಜೆಯೇ ಬೇಡ, ಏರಿಸಲು ಅಲ್ಲಿ ಮಂದ್ರವೇ ಇಲ್ಲ, ಗುಡುಗು ಮಾತ್ರ ಏರುತ್ತದೆ.

ಜವಾರಿ_ಪೇಟಿ
ವೇಗದ ಮಾತು ಯಾರೂ ಪೂರ್ತಿ ಮಾಡ್ಲಿಲ್ಲ ನೋಡ್ರಿ. 78 ಅಂತ ಹೆಸರಷ್ಟ ಐತಿ. ಹಳೇ ಪ್ಲೇಟು 72ಕ್ಕೂ ಇರ್ತಾವು, 80ಕ್ಕೂ ಇರ್ತಾವು. 6 ಪರ್ಸೆಂಟ್ ವೇಗ ತಪ್ಪಿದ್ರ ಸ್ವರ ಒಂದು ಮನಿ, ಅಂದ್ರ ಅರ್ಧ ಸ್ವರ, ಸರಿತೈತಿ. ತೆಳು ದನಿ, ಎತ್ತರದ ದನಿ ಅಂತ ಮ್ಯಾಲೆ ವಾದ ನಡದೈತಲ್ಲ, ಪ್ಲೇಟು ಜೋರ ತಿರುಗಿದ್ರ ಯಾರ ದನೀನೂ ತೆಳುವಾಗತೈತಿ. ವೇಗ ಸರಿ ಮಾಡಲಾರದ ಯಾರ ದನಿ ಅಂತ ಹೇಳೂದು ಕತ್ತಲಾಗ ಬಟ್ಟಿ ಆರಿಸಿದಂಗ.

ನಾಟಕದ ಹಾಡಾದ್ರ ನಮಗ ಒಂದು ದೊಡ್ಡ ಅನುಕೂಲ ಐತಿ. ಹಿಂದ ಪೇಟಿ, ಅಂದ್ರ ಹಾರ್ಮೋನಿಯಂ, ಇರತೈತಿ. ತಂಬೂರಿ ಶ್ರುತಿ ಎಲ್ಲಿ ಬೇಕಾದ್ರ ಅಲ್ಲಿ ಏರಿಸಬಹುದು, ಪೇಟಿ ಮನಿ ಅಲುಗೂದಿಲ್ಲ. ಪ್ಲೇಟಿನ ಷಡ್ಜ ಹಿಡೀರಿ, ಮನಿಯ ಪೇಟಿ ಮ್ಯಾಲೆ ಒತ್ತಿ ನೋಡ್ರಿ. ಬಿಳಿ ನಾಲ್ಕಕ್ಕೂ ಕರಿ ಮೂರಕ್ಕೂ ನಡುವ ಎಲ್ಲೋ ತೂಗಾಡಿದ್ರ ವೇಗ ತಪ್ಪೇತಿ ಅಂತನ ಅರ್ಥ. ಹತ್ತಿರದ ಮನಿಗೆ ಸರಿಸ್ರಿ. ಎರಡೂ ಕಡೆ ಸಮ ದೂರ ಇದ್ರ ಎರಡೂ ಮಾಡಿ ಕೇಳ್ರಿ, ತಪ್ಪಿದ್ದರಾಗ ತಬಲಾದ ಹೊಡತ ಒಂದೋ ಜಡ್ಡಾಗತೈತಿ, ಇಲ್ಲಾ ಡಬ್ಬಿ ಬಡದಂಗ ಆಗತೈತಿ.

ಎಚ್ಚರಿಕಿ: ಹಳೇ ಪೇಟಿ ಎಲ್ಲಾ 440ಕ್ಕ ಕೂಡಿಸಿದ್ದಲ್ಲ. ಫ್ರೆಂಚ್ ಮಟ್ಟ 435 ಇತ್ತು. ಆ ವ್ಯತ್ಯಾಸ ವೇಗದಾಗ ಸುಮಾರು 0.9 ಸುತ್ತು ಬರತೈತಿ. ಅಷ್ಟರ ಸಲುವಾಗಿ ತಲಿ ಕೆಡಿಸ್ಕೋಬ್ಯಾಡ್ರಿ. ಇನ್ನೊಂದು, ಮೊದಲಿನ ಷಡ್ಜ, ಕಡೀ ಷಡ್ಜ ಎರಡೂ ನೋಡ್ರಿ. ಕೊರಿಯೂ ಯಂತ್ರ ಭಾರದ ಗುಂಡು ಇಳಿಸಿ ತಿರಗಸ್ತಿದ್ರು, ನಡುವ ವೇಗ ಬಿದ್ದದ್ದು ಎಷ್ಟೋ ಪ್ಲೇಟಿನಾಗ ಕೇಳಸತೈತಿ. ಇಡೀ ಹಾಡಿಗೆ ಒಂದ ಸಂಖ್ಯೆ ಹಾಕಿದ್ರ ಅರ್ಧ ಸರಿ, ಅರ್ಧ ಅಪಶ್ರುತಿ.

ಎಡಿಸನ್_ಕನ್ನಡಿಗ
ತಿರುಗುವ ವೇಗ ಅಳೆಯಲು ಸ್ಟ್ರೋಬ್ ಬಿಲ್ಲೆ (ವೇಗ ಸರಿ ಇದ್ದರೆ ಮಿಣುಕುವ ದೀಪದಲ್ಲಿ ಗೆರೆ ನಿಂತಂತೆ ಕಾಣುವ ಬಿಲ್ಲೆ) ಬಳಸುವವರಿಗೆ: ಅಮೆರಿಕದಿಂದ ತರಿಸಿದ ಬಿಲ್ಲೆ ಭಾರತದಲ್ಲಿ ನಡೆಯುವುದಿಲ್ಲ. ಅಮೆರಿಕದ 60 ಹರ್ಟ್ಸ್‌ಗೆ 92 ಗೆರೆ, 78.26 ಸುತ್ತಿಗೆ ನಿಂತಂತೆ ಕಾಣುತ್ತದೆ. ಅದೇ ಬಿಲ್ಲೆ ಭಾರತದ 50 ಹರ್ಟ್ಸ್‌ನಲ್ಲಿ 65.2ಕ್ಕೇ ನಿಲ್ಲುತ್ತದೆ. ಭಾರತಕ್ಕೆ ಬೇಕಾದದ್ದು 77 ಗೆರೆಯದು, 77.92 ತೋರಿಸುತ್ತದೆ. ಎಷ್ಟೋ ಎಲ್ಇಡಿ ಬಲ್ಬು ಮಿಣುಕುವುದೇ ಇಲ್ಲ, ಗೆರೆ ಕಾಣದು. ಹಳೇ ಸ್ವಿಚ್‌ಬೋರ್ಡಿನ ಕಿತ್ತಳೆ ಬಣ್ಣದ ನಿಯಾನ್ ಇಂಡಿಕೇಟರ್ ಪಕ್ಕ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಕೇಳುಗ_ದಾವಣಗೆರೆ
ಎರಡೂ ಬದಿ ದಾಖಲಿಸಿದ್ದಾಯಿತು. ಹಿಂದೆ ಪೇಟಿ, ತಬಲಾ. ಹಾಡಿನ ಕೊನೆಯಲ್ಲಿ ಹೆಸರು ಹೇಳುತ್ತಾರೆ ಅಂತ ಓದಿದ್ದೆ, ಇಲ್ಲಿ ಅದಿಲ್ಲ. ಪದ ಅಲ್ಲಲ್ಲಿ ಹಿಡಿಯುತ್ತದೆ: ಪಲ್ಲವಿಯಲ್ಲಿ “ನಾಥಾ” ಬರುತ್ತದೆ, “ವಿರಹ” ಬರುತ್ತದೆ. ಯಾವ ನಾಟಕ?

ಅರಗಿನರಮನೆ
ಹೆಸರು ಹೇಳುವ ಪದ್ಧತಿ ಬಹಳ ಹಿಂದಿನದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಮುದ್ರಿಸಿದ ಮೇಣದ ತಟ್ಟೆಗಳು ಒತ್ತಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾವ ತಟ್ಟೆಗೆ ಯಾವ ಲೇಬಲ್ ಅಂತ ತಿಳಿಯಲು ಕೊನೆಯಲ್ಲಿ ಗಾಯಕರೇ ಹೆಸರು ಕೂಗುತ್ತಿದ್ದರು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲೇ ಕಾರ್ಖಾನೆ ಶುರುವಾದ ಮೇಲೆ ಅದರ ಅಗತ್ಯ ಹೋಯಿತು. ಚೌಕದ ಪ್ಲೇಟಿನಲ್ಲಿ ಅದನ್ನು ನಿರೀಕ್ಷಿಸಬೇಡಿ.

ಜವಾರಿ_ಪೇಟಿ
“ನಾಥಾ”, “ವಿರಹ” ಇಲ್ಲದ ಕಂಪನಿ ನಾಟಕ ಯಾವುದೈತ್ರಿ! ಅದರ ಮ್ಯಾಲೆ ಹೇಳಾಕ ಬರೂದಿಲ್ಲ. ಮಟ್ಟು, ಅಂದ್ರ ಧಾಟಿ, ಹಿಡೀರಿ. ಆಗಿನ ಕನ್ನಡ ಕಂಪನಿಗಳು ಮರಾಠಿ ನಾಟ್ಯಗೀತದ, ಪಾರ್ಸಿ ರಂಗಭೂಮಿಯ ಮಟ್ಟಿಗೆ ಕನ್ನಡ ಪದ ಕೂಡಿಸ್ತಿದ್ವು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರ ನಮ್ಮ ಬೆಳಗಾವಿ ಕಡೆಯ ಗುರ್ಲಹೊಸೂರು, ಮಟ್ಟು ದಾಟಿ ಬರಾಕ ದೂರ ಏನಿಲ್ಲ. ನಾಟಕದ ಥೇಟರಿನ್ಯಾಗ ಮಾರ್ತಿದ್ದ ಹಾಡಿನ ಪುಸ್ತಕದಾಗ ಒಂದೊಂದು ಹಾಡಿನ ನೆತ್ತಿ ಮ್ಯಾಲೆ “ಮಟ್ಟು” ಅಂತ ಬರದು ಮೂಲ ಹಾಡಿನ ಮೊದಲ ಪದ ಕೊಟ್ಟಿರ್ತಾರ. ಹಂಗಾಗಿ ಎರಡು ಹೆಜ್ಜಿ: ಮಟ್ಟು ಯಾವ ಮರಾಠಿ ಹಾಡಿಂದು ಅಂತ ನಾಟ್ಯಸಂಗೀತ ಬಲ್ಲವರಿಂದ ತಿಳ್ಕೊಳ್ಳಿ. ಆಮ್ಯಾಲೆ ಆ ಮಟ್ಟು ಯಾವ ಕನ್ನಡ ಹಾಡಿನ ಪುಸ್ತಕದಾಗ ಬರತೈತಿ ನೋಡ್ರಿ. ಒಂದ ಮಟ್ಟಿಗೆ ನಾಲ್ಕು ನಾಟಕದಾಗ ನಾಲ್ಕು ಹಾಡು ಇರತಾವು, ಅದಕ್ಕ ಪಲ್ಲವಿ ಪೂರ್ತಿ ಬೇಕು.

ಪದ ಬರಕೊಳ್ಳೂವಾಗ ಸ್ವರ ಬದಲಾಗದಂಗ ವೇಗ 80 ಪರ್ಸೆಂಟಿಗೆ ಇಳಿಸಿ ಕೇಳ್ರಿ. ಇಬ್ಬರು ಬ್ಯಾರೆಬ್ಯಾರೆ ಬರದು ಆಮ್ಯಾಲೆ ಕೂಡಿಸಿ ನೋಡ್ರಿ. ಒಬ್ಬರ ಕೂತ್ರ ಮೊದಲ ಸಲ ಏನ ಕೇಳಸ್ತೋ ಅದ ಹತ್ತು ಸಲಾನೂ ಕೇಳಸತೈತಿ.

ರಂಗಗೀತೆ_ರಸಿಕ
ಹಾಡಿನ ಪುಸ್ತಕಗಳು 16, 24 ಪುಟದ ತೆಳು ಹಾಳೆಗಳು, ಗ್ರಂಥಾಲಯದಲ್ಲಿ ಬಹಳಷ್ಟು ಸಲ ನಾಟಕದ ಹೆಸರಿನಲ್ಲಿ ಅಲ್ಲ, ಕಂಪನಿಯ ಹೆಸರಿನಲ್ಲಿ ದಾಖಲಾಗಿರುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡ ಹಳೇ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ, ಆದರೆ ಹೆಸರನ್ನು ಇಂಗ್ಲಿಷಿನಲ್ಲಿ ಮನಬಂದಂತೆ ಬರೆದಿರುತ್ತಾರೆ. “ಪದ್ಯಾವಳಿ”, “ಸಂಗೀತ”, “ನಾಟಕದ ಹಾಡುಗಳು” ಎಲ್ಲ ಕಾಗುಣಿತದಲ್ಲೂ ಹುಡುಕಿ. ಕಂಪನಿಯ ಪ್ಲೇಟು ಪಟ್ಟಿ ಹುಡುಕುವಾಗ ಕನ್ನಡ ಅಂತ ಹುಡುಕಿದರೆ ಏನೂ ಬಾರದು, ಆಗಿನ ಲೇಬಲ್ಲಿನಲ್ಲಿ, ಕ್ಯಾಟಲಾಗಿನಲ್ಲಿ ಇದ್ದದ್ದು “ಕೆನರೀಸ್”. ಮೊದಲಕ್ಷರ ಸಿ, ಕೆ ಎರಡರಲ್ಲೂ ನೋಡಿ. ಹಳೇ ಭಾರತೀಯ ಪ್ಲೇಟುಗಳ ಬಗ್ಗೆ ಮೈಕೆಲ್ ಕಿನ್ನಿಯರ್ ಮಾಡಿದ ಪಟ್ಟಿಗಳು ನಿಮಗೆ ಉಪಯೋಗವಾಗವು, ಅವು 1910ಕ್ಕೆ ನಿಲ್ಲುತ್ತವೆ. 1930ರ ದಶಕಕ್ಕೆ ಭಾಷಾವಾರು ಮಾಸಿಕ ಪಟ್ಟಿಗಳೇ ಗತಿ. ಜೊತೆಗೆ ತಾಯಿನಾಡು, ಸಂಯುಕ್ತ ಕರ್ನಾಟಕದ ಹಳೇ ಸಂಚಿಕೆಗಳಲ್ಲಿ ಗ್ರಾಮಫೋನ್ ಅಂಗಡಿಗಳ ಜಾಹೀರಾತು ಹುಡುಕಿ.

ಗಾಂಧಾರಿ ಊಹೆ ಹಿಂತೆಗೆದುಕೊಳ್ಳುತ್ತೇನೆ, ಸದ್ಯಕ್ಕೆ.

ಹಕ್ಕುಬಾಧ್ಯತೆ
ಜಾಲದಲ್ಲಿ ಹಾಕುವ ಮುಂಚೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1930ರ ದಶಕದ್ದು ಎಂದೋ ಮುಗಿದಿದೆ. ಸಾಹಿತ್ಯದ ಹಕ್ಕು ಬೇರೆ: ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು, ಅವರ ಪದ್ಯ ಮುಕ್ತ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಮುಕ್ತವಲ್ಲ. ಹಾಗಾಗಿ 1940ರ ದಶಕದ ಭಾವಗೀತೆಯ ಪ್ಲೇಟಿನಲ್ಲಿ ದನಿ ಮುಕ್ತ, ಪದ ಮುಕ್ತವಲ್ಲ ಅನ್ನುವ ವಿಚಿತ್ರ ಸ್ಥಿತಿ ಸಾಮಾನ್ಯ. ನಾಟಕದ ಹಾಡಿಗೆ ಕವಿ ಯಾರೆಂದು ತಿಳಿಯುವವರೆಗೆ ಹಾಡಿನ ಪೂರ್ತಿ ಸಾಹಿತ್ಯವನ್ನು ಬರಹದಲ್ಲಿ ಹಾಕಬೇಡಿ, ಪಲ್ಲವಿಯ ಸಾಲು ಸಾಕು.

ಅರಗಿನರಮನೆ
ಹಾಕುವಾಗ ಶೀರ್ಷಿಕೆ: “ಅಜ್ಞಾತ ಗಾಯಕಿ, ಲೇಬಲ್ಲಿನಲ್ಲಿ ಮಿಸ್ ಜಿ…, ಕನ್ನಡ ನಾಟಕದ ಹಾಡು”. ಪ್ರಶ್ನಾರ್ಥಕ ಚಿಹ್ನೆ ಹಾಕಿ ಯಾರ ಹೆಸರನ್ನೂ ಬರೆಯಬೇಡಿ. ಎರಡನೇ ಪ್ರತಿ ಮಾಡುವವನು ಮೊದಲು ಕಿತ್ತುಹಾಕುವುದೇ ಆ ಚಿಹ್ನೆಯನ್ನು. ವಿವರಣೆಯಲ್ಲಿ ಎರಡೂ ಬದಿಯ ಪೂರ್ತಿ ಮೇಣದ ಸಂಖ್ಯೆ, ಚೌಕ, ನೀವು ಹಿಡಿದ ವೇಗ ಮತ್ತು ಅದನ್ನು ಹಿಡಿದದ್ದು ಹೇಗೆ, ಮುಳ್ಳಿನ ಅಳತೆ, ಲೇಬಲ್ಲಿನ ಫೋಟೋ. ಅಕ್ಕಪಕ್ಕದ ಸಂಖ್ಯೆ ಇಟ್ಟುಕೊಂಡವರು ಹುಡುಕಿದರೆ ನಿಮ್ಮನ್ನು ತಲುಪುವುದು ಆ ಸಂಖ್ಯೆಯಿಂದಲೇ.

ಸೋಪುನೀರು
ಇನ್ನು ಮುಂದೆ ಅದನ್ನು ನೆಟ್ಟಗೆ ನಿಲ್ಲಿಸಿಡಿ, ಓರೆಯಾಗಿ ಅಲ್ಲ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಒಡೆಯುತ್ತದೆ, 10 ಇಂಚಿನದು 25 ಸೇರಿದರೆ 5, 6 ಕಿಲೋ. ಬೇರೆ ಊರಿಗೆ ಕಳಿಸುವುದಾದರೆ ಎರಡು ಸುಕ್ಕುರಟ್ಟಿನ ನಡುವೆ, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಪೆಟ್ಟಿಗೆಯ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ.

ಕೇಳುಗ_ದಾವಣಗೆರೆ
ಸಂಖ್ಯೆಯ ಫೋಟೋ ಹಾಕಿದ್ದೇನೆ, ನೋಡಿ. 7ರ ಹಿಂದಿನ ಅಂಕಿ 3 ಅಂತ ಬರೆದುಕೊಂಡಿದ್ದೆ, ಟಾರ್ಚ್ ಎಡದಿಂದ ಹಿಡಿದರೆ 8ರ ಹಾಗೆ ಕಾಣುತ್ತದೆ.

ಅರಗಿನರಮನೆ
ಎಡದಿಂದ ಒಂದು, ಬಲದಿಂದ ಒಂದು, ಕೆಳಗಿನಿಂದ ಒಂದು ತೆಗೆದು ಹಾಕಿ. ಒಂದೇ ಫೋಟೋದಲ್ಲಿ 3 ಮತ್ತು 8 ಬೇರೆ ಮಾಡಲು ಆಗುವುದಿಲ್ಲ. ಹಿಂಬದಿಯದರಲ್ಲೂ ಅದೇ ಅಂಕಿ ಇರಬೇಕಲ್ಲ, 8ರ ಹಿಂದಿನದನ್ನೂ ತೆಗೆಯಿರಿ.

ಜವಾರಿ_ಪೇಟಿ
ಹಿಂಬದಿ ಹಾಡಿನ ಮೊದಲಿನ 30 ಸೆಕೆಂಡ್ ಇಲ್ಲೇ ಹಾಕ್ರಿ. ಪೇಟಿಯಾಂವ ಹಾಡು ಶುರುವಾಗೂಕಿಂತ ಮೊದಲ ಮಟ್ಟಿನ ಒಂದು ಸಾಲು ನುಡಸಿರ್ತಾನ, ಅಷ್ಟ ಸಾಕು.